ನೀಲವ್ವನ ತುಂಬುಗೆನ್ನೆ

ಕೆನ್ನೆ ತುಂಬುವ ಕಪೋಲಪೂರಕ ಯಂತ್ರ ತನ್ನ ಆರು ಕೈಗಳನ್ನು ಚಾಚಿ ನೀಲವ್ವ ಹುರಕಡ್ಲಿಯವರ ಮುಖಕ್ಕೆ ಒಂದು ಪ್ರದಕ್ಷಿಣೆ ಹಾಕಿತು. ಸೊಳ್ಳೆಯ ಸೊಂಡಿಲನ್ನು ಸಾವಿರ ಸೀಳು ಮಾಡಿದರೆ ಎಷ್ಟು ಸಪೂರವೋ ಅಷ್ಟು ಸಪೂರವಾದ ಸೂಜಿ ಎಡಗೆನ್ನೆಗೆ ಇಳಿಯಿತು, ಬಲಗೆನ್ನೆಗೆ ಇಳಿಯಿತು, ಹೊರಬಂದು ತನ್ನನ್ನು ತಾನೇ ಒರೆಸಿಕೊಂಡು ಪೆಟ್ಟಿಗೆಯಲ್ಲಿ ಮಲಗಿಯೂ ಬಿಟ್ಟಿತು.

“ಚುಚ್ಚಾಕ ಯಾವಾಗ ಚಾಲೂ ಮಾಡ್ತೀರಿ ಡಾಕ್ಟ್ರ?” ಎಂದು ನೀಲವ್ವ ಕೇಳಿದರು.

“ಮುಗೀತ್ರಿ ಅವ್ವಾರ. ಏಳ್ರಿ,” ಎಂದರು ಡಾಕ್ಟರ್ ವಿರೂಪಾಕ್ಷ ತುಪ್ಪದ.

ಇಸವಿ 2087ರ ಹುಬ್ಬಳ್ಳಿಯಲ್ಲಿ ತುಪ್ಪದರಿಗಿಂತ ದೊಡ್ಡ ಮುಖತಜ್ಞ ಇರಲಿಲ್ಲ. ಹುಬ್ಬಳ್ಳಿಯಲ್ಲೇಕೆ, ಭೂಮಿಯ ಮೇಲೆಯೇ ಇರಲಿಲ್ಲ. ಚಂದ್ರನ ಮೇಲೆ ಒಬ್ಬರಿದ್ದರು, ಅವರೂ ತುಪ್ಪದರ ಶಿಷ್ಯರೇ. ತುಪ್ಪದರ ಪದವಿಗಳನ್ನೆಲ್ಲ ಬರೆಸಿದ ಫಲಕ ಉಣಕಲ್ ಕೆರೆಯ ದಂಡೆಯಲ್ಲಿ ಆರಂಭವಾಗಿ ವಿದ್ಯಾನಗರದ ತಿರುವಿನಲ್ಲಿ ಮುಗಿಯುತ್ತಿತ್ತು. ಪೂರ್ತಿ ಓದಬೇಕೆಂದವರು ಬಸ್ಸು ಹತ್ತಬೇಕಿತ್ತು. ಇಂಥ ಡಾಕ್ಟರು ಹದಿನೇಳು ವರ್ಷ ನಿದ್ದೆಗೆಟ್ಟು ಕಂಡುಹಿಡಿದ ವಸ್ತುವೇ ನೆನಪುಲೋಳೆ.

ಹಿಂದಿನ ಶತಮಾನದ ಕೆನ್ನೆಮದ್ದುಗಳಲ್ಲಿ ಒಂದು ಕೊರತೆಯಿತ್ತು. ಕೆನ್ನೆ ಎಷ್ಟು ತುಂಬಬೇಕು, ಎಲ್ಲಿ ತುಂಬಬೇಕು ಎಂಬುದನ್ನು ವೈದ್ಯರು ತಮ್ಮ ಕಣ್ಣಳತೆಯಲ್ಲಿ ನಿರ್ಧರಿಸುತ್ತಿದ್ದರು. ಕಣ್ಣು ತಪ್ಪಿದರೆ ಮುಖವೂ ತಪ್ಪುತ್ತಿತ್ತು. ನೆನಪುಲೋಳೆಗೆ ವೈದ್ಯರ ಕಣ್ಣು ಬೇಕಿಲ್ಲ. ಚುಚ್ಚಿದ ಮೇಲೆ ಹದಿನಾಲ್ಕು ದಿನ ಅದು ನಾದಿದ ಹಿಟ್ಟಿನ ಹಾಗೆ ಮೆತ್ತಗಿರುತ್ತದೆ. ಆ ದಿನಗಳಲ್ಲಿ ಕೆನ್ನೆಯ ಒಡೆಯರು ಹೇಗೆ ನಗುತ್ತಾರೆ, ಹೇಗೆ ಅಗಿಯುತ್ತಾರೆ, ಅವರ ಕೆನ್ನೆ ಹೆಚ್ಚು ಹೊತ್ತು ಯಾವ ಆಕಾರದಲ್ಲಿರುತ್ತದೆ ಎಂಬುದನ್ನು ಒಳಗೆ ಕುಳಿತು ಅಭ್ಯಾಸ ಮಾಡುತ್ತದೆ. ಹದಿನೈದನೆಯ ಬೆಳಿಗ್ಗೆ ಆ ಆಕಾರಕ್ಕೇ ಗಟ್ಟಿಯಾಗುತ್ತದೆ. ಒಂದು ಕೆನ್ನೆ ಹೆಚ್ಚು ತುಂಬಿದ್ದರೆ ಇನ್ನೊಂದನ್ನೂ ಅದಕ್ಕೆ ಸರಿಯಾಗಿ ತುಂಬುತ್ತದೆ. ಈ ನ್ಯಾಯಬುದ್ಧಿಗೆ ಡಾಕ್ಟರು ‘ಸಮಗಲ್ಲ ಗುಣ’ ಎಂದು ಹೆಸರಿಟ್ಟಿದ್ದರು. ಒಂಬತ್ತು ತಿಂಗಳಾದ ಮೇಲೆ ಲೋಳೆ ತಾನಾಗಿಯೇ ಕರಗಿ ಮೈಯಲ್ಲಿ ಸೇರಿಹೋಗುತ್ತದೆ.

ಅರವತ್ತಮೂರರ ನೀಲವ್ವನಿಗೆ ಈ ವಯಸ್ಸಿನಲ್ಲಿ ತುಂಬುಗೆನ್ನೆ ಯಾಕೆ ಬೇಕಾಯಿತು? ಸೂಜಿ ಇಳಿಯುವ ಒಂದು ಗಂಟೆ ಮೊದಲು ಡಾಕ್ಟರು ಇದನ್ನೇ ಕೇಳಿದ್ದರು.

“ನನಗಲ್ರಿ ಡಾಕ್ಟ್ರ, ಮಗಳಿಗೆ,” ಎಂದರು ನೀಲವ್ವ.

“ಮಗಳಿಗೆ ಬೇಕಾದ್ರ ಮಗಳ ಗಲ್ಲಕ್ಕ ಹಾಕಬೇಕಲ್ರಿ?”

“ಆಕಿ ಗಲ್ಲಕ್ಕ ಏನಾಗೈತಿ, ಚಲೋನ ಅದಾವ. ಕನ್ಯಾ ನೋಡಾಕ ಬಂದವರು ಕನ್ಯಾನ ಎಲ್ಲಿ ನೋಡ್ತಾರ? ನನ್ನ ನೋಡ್ತಾರ. ಮೂವತ್ತು ವರ್ಷದ ಮ್ಯಾಲ ಈ ಹುಡಿಗಿ ಹಿಂಗ ಆಗ್ತಾಳಲ್ಲಪಾ ಅಂತ ಅಂಜಿ ಓಡ್ತಾರ. ನೋಡ್ರಿ ಇಲ್ಲಿ, ಎರಡೂ ಕಡೆ ಒಂದೊಂದು ಬಟ್ಟಲಾ ಇಟ್ರ ಕುಂಡ್ರತಾವ! ಹನ್ನೊಂದು ಮನಿಯವರು ಬಂದ್ರು. ಹನ್ನೊಂದೂ ಮಂದಿ ಉಪ್ಪಿಟ್ಟು ತಿಂದು, ಚಹಾ ಕುಡದು, ‘ತಿಳಸ್ತೀವ್ರಿ’ ಅಂದು ಹ್ವಾದ್ರು. ಇನ್ನ ಹದಿನಾರು ದಿನಕ್ಕ ರಾಣೆಬೆನ್ನೂರಿನವರು ಬರ್ತಾರ. ಇದು ತಪ್ಪಿತಂದ್ರ ನಮ್ಮ ದಾಕ್ಷಾಯಣಿಗೆ ಮೂವತ್ನಾಕು ತುಂಬತಾವ. ನನ್ನ ಗಲ್ಲದ ಸಲುವಾಗಿ ಆಕಿ ಕುಂತು ಉಳಿಬೇಕೇನ್ರಿ?”

ಇದಿಷ್ಟನ್ನೂ ನೀಲವ್ವ ಒಂದೇ ಉಸಿರಿನಲ್ಲಿ ಹೇಳಿದರು. ಅವರ ಮಾತಿನ ಖ್ಯಾತಿ ಧಾರವಾಡ ದಾಟಿತ್ತು. ಅವರು “ಬಂದ್ರೇನ್ರಿ?” ಎಂದು ಶುರು ಮಾಡಿದರೆ, ನುಣ್ಣಗೆ ಗಡ್ಡ ಹೆರೆಸಿಕೊಂಡು ಬಂದ ಅತಿಥಿ ವಾಪಸ್ಸು ಹೋಗುವಾಗ ಗಡ್ಡ ಬಿಟ್ಟ ಸಾಧುವಾಗಿರುತ್ತಿದ್ದ. ಅವರ ಯಜಮಾನರಾದ ಚನ್ನಪ್ಪ ಮದುವೆಯಾದ ಮೂವತ್ತಾರು ವರ್ಷಗಳಲ್ಲಿ “ಹೂಂ” ಎಂಬ ಒಂದು ಮಾತನ್ನು ಬಿಟ್ಟು ಬೇರೇನೂ ಆಡಿರಲಿಲ್ಲ. ಅವರ ದನಿ ಹೇಗಿದೆಯೆಂದು ಸ್ವಂತ ತಮ್ಮಂದಿರಿಗೂ ಮರೆತುಹೋಗಿತ್ತು.

ತುಪ್ಪದರು ಎಷ್ಟೇ ದೊಡ್ಡವರಾದರೂ ಹದಿನೆಂಟು ಪ್ರಶ್ನೆ ಕೇಳದೆ ಸೂಜಿ ಮುಟ್ಟುತ್ತಿರಲಿಲ್ಲ.

“ರಕ್ತ ತೆಳ್ಳಗ ಮಾಡೂ ಗುಳಿಗಿ ಏನರ ತಗೋತೀರೇನ್ರಿ? ತಗೊಳ್ಳೂರಿಗೆ ಚುಚ್ಚಿದಲ್ಲಿ ನೀಲಿಗಟ್ಟತೈತಿ.”

“ನನ್ನ ರಕ್ತ ತೆಳ್ಳಗ ಮಾಡೂ ಗುಳಿಗಿ ಇನ್ನೂ ಹುಟ್ಟಿಲ್ರಿ.”

“ಹಲ್ಲಿನ್ಯಾಗ ಕೀವು, ಒಸಡಿಗೆ ಬಾವು? ಆ ನಂಜು ಲೋಳಿಗೆ ಹತ್ತಿದ್ರ ಗಲ್ಲ ಕೆಡತಾವ.”

“ಮೂವತ್ತೆರಡೂ ಗಟ್ಟಿ. ಕಬ್ಬು ತರಸ್ರಿ, ಇಲ್ಲೇ ಸೀಳಿ ತೋರಸ್ತೇನಿ.”

“ಹಿಂದ ಎಲ್ಲೆರ ಮುಖಕ್ಕ ಏನರ ತುಂಬಿಸಿಕೊಂಡಿದ್ರೇನು? ಯಾವುದರ ಔಷಧ ಮೈಗೆ ಒಗ್ಗಂಗಿಲ್ಲ ಅನ್ನೂದು ಐತೇನು?”

“ಅರಿಶಿಣ ಬಿಟ್ಟು ಈ ಮುಖಕ್ಕ ಏನೂ ಹತ್ತಿಲ್ಲ. ಒಗ್ಗಲಾರದ್ದು ಅಂದ್ರ ನಮ್ಮ ನಾದಿನಿ ಒಬ್ಬಾಕಿ.”

ನೀಲವ್ವ ತಮ್ಮ ಮದುವೆಯ ಫೋಟೋ ತೆಗೆದು ಮೇಜಿನ ಮೇಲಿಟ್ಟು, “ಇದರಾಗ ಹೆಂಗದಾವ, ಹಂಗ ಮಾಡ್ರಿ,” ಎಂದರು.

“ಹಂಗ ಆಗಂಗಿಲ್ಲ,” ಎಂದರು ಡಾಕ್ಟರು ಖಂಡಿತವಾಗಿ. “ಅದು ಇಪ್ಪತ್ತೇಳರ ಮುಖ. ನಾ ಮಾಡೂದು ಅರವತ್ತಮೂರಕ್ಕ ಒಪ್ಪೂ ಗಲ್ಲ. ಹೆಚ್ಚಿಗೆ ತುಂಬಂಗಿಲ್ಲ. ಹದಿನಾಲ್ಕು ದಿನ ಮಗ್ಗಲಾಗಿ ಮಲಗೂದು ಬ್ಯಾಡ, ಗಲ್ಲ ಒತ್ತೂದು ಬ್ಯಾಡ, ತಿಕ್ಕೂದು ಬ್ಯಾಡ, ಗಟ್ಟಿಯಾಗಿ ನಗೂದೂ ಬ್ಯಾಡ. ಮನಸ್ಸಿಗೆ ಬರಲಿಲ್ಲಂದ್ರ ಕರಗುದ್ರವ ಹಾಕಿ ತಗೀತೇನಿ. ಆದ್ರ ತಗದ ಮ್ಯಾಲ ಎರಡು ದಿನ ಮುಖ ಬಾತು ಕುಂಬಳಕಾಯಿ ಆಗತೈತಿ. ಎಲ್ಲಾ ತಿಳೀತೇನ್ರಿ?”

“ಹೂಂ ಅಂದ್ನೆಲ್ಲಾ, ಚುಚ್ಚ್ರಿ.”

“ಕಡೀದೊಂದು ಪ್ರಶ್ನಿ. ಚಟ ಏನರ ಅದಾವೇನು? ಸಿಗರೇಟು, ಶೆರೆ, ತಂಬಾಕು?”

ನೀಲವ್ವ ಕುರ್ಚಿಯಿಂದ ಎದ್ದೇ ನಿಂತರು. “ಡಾಕ್ಟ್ರ! ನಾವು ಹುರಕಡ್ಲಿ ಮನೆತನದವರು. ನಮ್ಮ ಮನ್ಯಾಗ ಚಹಾ ಸೈತ ಅಂಜಿಕೊಂಡು ಕುದೀತೈತಿ!”

ಡಾಕ್ಟರು ನಾಚಿ ‘ಇಲ್ಲ’ ಎಂದು ಬರೆದುಕೊಂಡರು.

ವಿಜ್ಞಾನ ಎಡವಿದ್ದು ಇಲ್ಲಿ. ನೀಲವ್ವನ ತೊಡೆಯ ಮೇಲೆ ಆಗ ಒಂದು ಎಲೆಸಂಚಿ ಇತ್ತು. ಒಂದು ಶಾಲೆಯ ಮಕ್ಕಳೆಲ್ಲರ ಪುಸ್ತಕ ಹಿಡಿಸುವಷ್ಟು ದೊಡ್ಡ ಸಂಚಿ. ಅದರಿಂದ ಸುಣ್ಣ ಹಚ್ಚಿದ ಎಲೆಯೊಳಗೆ ಅಡಿಕೆ ಮಡಿಚಿ, ದಿನಕ್ಕೆ ಹನ್ನೊಂದು ಸಲ ಎಡದವಡೆಗೆ ಇಟ್ಟುಕೊಳ್ಳುವುದು ನಲವತ್ತು ವರ್ಷದ ರೂಢಿ. ಅದು ಚಟವೆಂದು ಅವರಿಗೆ ಹೊಳೆಯಲಿಲ್ಲ. ದೇವರಿಗೆ ಇಡುವುದು, ಬೀಗರಿಗೆ ಕೊಡುವುದು, ಮದುವೆಗೆ ಕರೆಯುವುದು ಎಲ್ಲವೂ ಎಲೆ-ಅಡಿಕೆಯಿಂದಲೇ ಆಗುವಾಗ ಅದು ಚಟ ಹೇಗಾದೀತು? ಇನ್ನು ಡಾಕ್ಟರಿಗಾದರೂ ಹೊಳೆಯಬೇಕಿತ್ತು. ಹೊಳೆಯುವಂತಿರಲಿಲ್ಲ. ಊಟದ ನಂತರ ಮಡಿಚಿಟ್ಟುಕೊಂಡ ಎಲೆಯೊಂದು ಆ ಕ್ಷಣ ಅವರ ದವಡೆಯಲ್ಲೂ ನೆನೆಯುತ್ತಿತ್ತು.

ಹದಿನಾಲ್ಕು ದಿನ ನೀಲವ್ವ ವ್ರತದ ಹಾಗೆ ನಡೆದುಕೊಂಡರು. ಅಂಗಾತ ಎಷ್ಟು ಅಲುಗಾಡದೆ ಮಲಗಿದರೆಂದರೆ, ಚನ್ನಪ್ಪ ಎರಡು ಸಲ ಮೂಗಿನ ಹತ್ತಿರ ಬೆರಳು ಹಿಡಿದು ನೋಡಬೇಕಾಯಿತು. ನಗು ಬಂದರೆ ಹಿತ್ತಿಲಿಗೆ ಹೋಗಿ ನಾದಿನಿಯನ್ನು ನೆನೆಸಿಕೊಂಡು ತಡೆದರು. ಎಲೆ ಮಾತ್ರ ಹನ್ನೊಂದು ಸಲ ದವಡೆಗೆ ಹೋಗುತ್ತಲೇ ಇತ್ತು.

ಒಳಗೆ ಕುಳಿತ ನೆನಪುಲೋಳೆ ಎಲ್ಲವನ್ನೂ ಅಚ್ಚುಕಟ್ಟಾಗಿ ಕಲಿಯಿತು. ಈ ಒಡತಿಯ ಎಡಗೆನ್ನೆ ದಿನದ ಬಹುಪಾಲು ನಿಂಬೆಹಣ್ಣಿನಷ್ಟು ಉಬ್ಬಿರುತ್ತದೆ. ಆದ್ದರಿಂದ ಇದೇ ಇವರ ನಿಜವಾದ ಕೆನ್ನೆ ಎಂದು ತೀರ್ಮಾನಿಸಿತು. ಬಲಗೆನ್ನೆಗೆ ಅನ್ಯಾಯವಾಗಬಾರದಲ್ಲ!

ಹದಿನೈದನೆಯ ಬೆಳಿಗ್ಗೆ ನೀಲವ್ವ ಕನ್ನಡಿಯ ಮುಂದೆ ನಿಂತರು. ಕನ್ನಡಿ ಒಂದು ಹೆಜ್ಜೆ ಹಿಂದೆ ಸರಿಯಿತು. ಎಡಕ್ಕೊಂದು, ಬಲಕ್ಕೊಂದು ಎರಡು ನಿಂಬೆಹಣ್ಣು! ಯಾರೇ ನೋಡಿದರೂ ಬಾಯಿತುಂಬ ಎಲೆ ತುಂಬಿಕೊಂಡಿದ್ದಾರೆ ಅನ್ನಬೇಕು. ನಿಜವಾದ ಎಲೆ ಹಾಕಹೋದರೆ ಒಳಗೆ ಒಂದು ಅಡಿಕೆ ಚೂರಿಗೂ ಜಾಗ ಉಳಿದಿರಲಿಲ್ಲ.

“ಹೆಂಗ ಕಾಣಸ್ತೇನ್ರಿ?” ಎಂದು ಯಜಮಾನರನ್ನು ಕೇಳಿದರು.

“ಹೂಂ,” ಎಂದರು ಚನ್ನಪ್ಪ.

ಹತ್ತು ನಿಮಿಷದಲ್ಲಿ ನೀಲವ್ವ ಆಸ್ಪತ್ರೆಯಲ್ಲಿದ್ದರು. ಡಾಕ್ಟರು ಕೆನ್ನೆಯ ಒಳಚಿತ್ರ ತೆಗೆದು, ತಲೆ ಕೆರೆದುಕೊಂಡು, ಕಡೆಗೆ ಸಂಚಿಯ ಕಡೆ ನೋಡಿದರು.

“ಅವ್ವಾರ, ಅದೇನ್ರಿ?”

“ಎಲಿಸಂಚಿ.”

“ನೀವು ಎಲಿ ಹಾಕ್ತೀರಿ?!”

“ಯಾರು ಹಾಕಂಗಿಲ್ರಿ? ನೀವು ಹಾಕಂಗಿಲ್ಲ?”

ತುಪ್ಪದರು ತಮ್ಮ ಬಾಯಿಯಲ್ಲಿದ್ದುದನ್ನು ಎಡದಿಂದ ಬಲಕ್ಕೆ ಸರಿಸಿದರು. ಭೂಮಂಡಲದ ಅತಿ ದೊಡ್ಡ ಮುಖತಜ್ಞ ಹದಿನೇಳು ವರ್ಷ ಯೋಚಿಸಿ ಬರೆದ ಹದಿನೆಂಟು ಪ್ರಶ್ನೆಗಳಲ್ಲಿ ಹುಬ್ಬಳ್ಳಿಯೇ ಬಿಟ್ಟುಹೋಗಿತ್ತು.

“ತಪ್ಪು ನಂದೂ ಐತಿ,” ಎಂದು ಕಡೆಗೆ ಒಪ್ಪಿಕೊಂಡರು. “ಆದ್ರ ಈಗ ಕರಗಿಸಿದ್ರ ನಾಳಿ ಕುಂಬಳಕಾಯಿ. ಸುಮ್ನಿದ್ರ ನಿಂಬಿಹಣ್ಣು. ಯಾವುದು ಬೇಕು ನೀವ ಹೇಳ್ರಿ.”

“ನಿಂಬಿಹಣ್ಣ ಇರಲಿ,” ಎಂದು ನೀಲವ್ವ ಹಲ್ಲು ಕಡಿದರು.

“ಹಂಗಾರ ಇನ್ನೊಂದು ಮಾತು ಕೇಳ್ರಿ. ಇಷ್ಟು ದಪ್ಪಾದ ಲೋಳಿ ಈಗರ ಗಟ್ಟಿಯಾಗೈತಿ, ಇನ್ನೂ ಬೇರು ಹಿಡದಿಲ್ಲ. ಮೂರು ದಿನ ಬಾಯಿ ಬಿಡಬ್ಯಾಡ್ರಿ. ಮಾತಾಡಿದ್ರ ಜಾರಿ ಗದ್ದಕ್ಕ ಇಳೀತೈತಿ. ಅಲ್ಲಿ ಇಳಿದದ್ದು ಕರಗುದ್ರವಕ್ಕೂ ಸಿಗಂಗಿಲ್ಲ. ಮೂರು ಗದ್ದ ಇಟಗೊಂಡು ತಿರಗಬೇಕಾಗತೈತಿ.”

“ನಾಳಿ ಕನ್ಯಾ ನೋಡಾಕ ಬರ್ತಾರ! ನಾ ಮಾತಾಡಲಿಲ್ಲಂದ್ರ ಮತ್ತ್ಯಾರು ಮಾತಾಡೂರು?”

“ಕನ್ಯಾ ಇರ್ತಾಳಲ್ರಿ?”

ನೀಲವ್ವ ಡಾಕ್ಟರನ್ನು ಹುಚ್ಚರನ್ನು ನೋಡುವ ಹಾಗೆ ನೋಡಿದರು.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ರಾಣೆಬೆನ್ನೂರಿನ ಗುರಬಸವ್ವ ಅಂಗಡಿಯವರು ತಮ್ಮ ಮಗ ರುದ್ರಮುನಿಯನ್ನು ಕರೆದುಕೊಂಡು ಬಂದರು. ರುದ್ರಮುನಿ ಚಂದ್ರನ ಮೇಲಿನ ಕೆಲಸಗಾರರಿಗೆ ಖಡಕ್ ರೊಟ್ಟಿ ಕಳಿಸುವ ಕಾರ್ಖಾನೆಯಲ್ಲಿ ರುಚಿಪರೀಕ್ಷಕ. ಜಮಖಾನೆ ಹಾಸಿತ್ತು, ಉಪ್ಪಿಟ್ಟು-ಶಿರಾ ಬಂತು. ದಾಕ್ಷಾಯಣಿ ತಲೆ ತಗ್ಗಿಸಿ ಬಂದು, ಹಿಂದಿನ ಹನ್ನೊಂದು ಸಲ ಕುಳಿತ ಜಾಗದಲ್ಲೇ ಕುಳಿತಳು.

ಗುರಬಸವ್ವ ನೀಲವ್ವನ ಕೆನ್ನೆ ನೋಡಿದರು. ಬಾಯಿತುಂಬ ಎಲೆ ಇದ್ದವರನ್ನು ಮಾತಿಗೆಳೆಯುವುದು ಆ ಸೀಮೆಯಲ್ಲಿ ಸಭ್ಯತೆಯಲ್ಲ.

“ಎಲಿ ಹಾಕೀರೇನ್ರಿ? ಇರಲಿ, ಇರಲಿ, ಸಾವಕಾಶ ಮಾಡ್ರಿ,” ಎಂದರು.

ನೀಲವ್ವ ಗದ್ದ ಮೇಲೆತ್ತಿ “ಹೂಂ” ಎಂದರು. ಗುರಬಸವ್ವ ಚನ್ನಪ್ಪನ ಕಡೆ ತಿರುಗಿದರು. ಅವರೂ “ಹೂಂ” ಎಂದರು. ಮಾತಾಡಿಸಲು ಇನ್ನು ಉಳಿದದ್ದು ಹುಡುಗಿಯೊಬ್ಬಳೇ.

“ನೀ ಏನ್ ಕೆಲಸ ಮಾಡ್ತೀಯವಾ ತಂಗಿ?”

ದಾಕ್ಷಾಯಣಿ ರೂಢಿಯಂತೆ ಅವ್ವನ ಮುಖ ನೋಡಿದಳು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬರಬೇಕಿದ್ದ ದಿಕ್ಕು ಅದು. ಉತ್ತರ ಬರಲಿಲ್ಲ. ಆ ಮನೆಗೆ ಅಡಿಗಲ್ಲು ಹಾಕಿದಂದಿನಿಂದ ಅಂಥ ಮೌನ ಬಿದ್ದಿರಲಿಲ್ಲ. ಗೋಡೆಯ ಮೇಲಿನ ಹಲ್ಲಿಗೆ ಗಾಬರಿಯಾಗಿ ಅದು ಫೋಟೋದ ಹಿಂದೆ ಸೇರಿಕೊಂಡಿತು.

“ಕಪ್ಪತಗುಡ್ಡದ ಗಾಳಿಯಂತ್ರ ಅದಾವಲ್ರಿ,” ಎಂದು ಹುಡುಗಿ ಕಡೆಗೆ ಬಾಯಿ ಬಿಟ್ಟಳು. “ಅವುಗಳ ರೆಕ್ಕಿ ಮ್ಯಾಲ ಹತ್ತಿ ಬಿರುಕು ಹುಡಕ್ತೀನ್ರಿ.”

“ಅಯ್ಯ ಶಿವನ! ಮದುವಿ ಆದ ಮ್ಯಾಲ ಬಿಡ್ತಾಳ ಅಂತ ಹೇಳಿ ಕಳಿಸಿದ್ರಲ್ಲ?”

ಹಾಗೆ ಹೇಳಿ ಕಳಿಸಿದವರು ನೀಲವ್ವ. ದಾಕ್ಷಾಯಣಿ ಇನ್ನೊಮ್ಮೆ ಅವ್ವನನ್ನು ನೋಡಿ, “ಇಲ್ರಿ. ಬಿಡಂಗಿಲ್ಲ,” ಎಂದಳು.

“ಇಪ್ಪತ್ತೇಳು ನಮೂನಿ ಹೋಳಗಿ ಮಾಡಾಕ ಬರ್ತೈತಂತ?”

“ಒಂದೂ ಬರಂಗಿಲ್ರಿ.”

ನೀಲವ್ವನ ಬಾಯಿಯೊಳಗೆ ಮಾತಿನ ಮಲಪ್ರಭೆಗೆ ನೆರೆ ಬಂತು. ತುಟಿ ಇನ್ನೇನು ಬಿರಿಯಬೇಕು, ಲೋಳೆ ಒಂದು ಜೋಳದ ಕಾಳಿನಷ್ಟು ಗದ್ದದ ಕಡೆ ಜಾರಿದ್ದು ಸ್ಪಷ್ಟವಾಗಿ ತಿಳಿಯಿತು. ಎರಡೂ ಅಂಗೈಗಳಿಂದ ಕೆನ್ನೆ ಹಿಡಿದುಕೊಂಡರು.

“ಅಡಕಿ ಗಟ್ಟಿ ಬಂದೈತೇನ್ರಿ?” ಎಂದು ಗುರಬಸವ್ವ ಮರುಗಿದರು.

“ಹೂಂ!”

ರುದ್ರಮುನಿ ನಕ್ಕುಬಿಟ್ಟ. “ಹೋಳಗಿ ನನಗ ಮೂರು ನಮೂನಿ ಬರ್ತಾವ. ಬ್ಯಾಳಿದು, ಶೇಂಗಾದು, ಎಳ್ಳಿಂದು.”

“ಹತ್ತಾಕ ಬರ್ತೈತೇನ್ರಿ ನಿಮಗ?” ಎಂದು ದಾಕ್ಷಾಯಣಿ ತಲೆಯೆತ್ತಿ ಕೇಳಿದಳು.

“ಸ್ಟೂಲ್ ಮ್ಯಾಲ ನಿಂತ್ರ ತಲಿ ತಿರಗತೈತ್ರಿ.”

“ಹಂಗಾರ ಬುತ್ತಿ ಹಿಡಕೊಂಡು ಕೆಳಗ ನಿಂದ್ರರಿ.”

ಎಲ್ಲರೂ ನಕ್ಕರು. ದಾಕ್ಷಾಯಣಿಯೂ ನಕ್ಕಳು. ಮಗಳ ನಗುವಿನ ಕೊನೆಯಲ್ಲಿ ಒಂದು ಸಣ್ಣ ಬಿಕ್ಕು ಬರುತ್ತದೆಂಬುದು ನೀಲವ್ವನಿಗೆ ಗೊತ್ತೇ ಇರಲಿಲ್ಲ. ಅಷ್ಟು ದೂರದವರೆಗೆ ಆ ನಗುವನ್ನು ಅವರು ಎಂದೂ ಬಿಟ್ಟಿರಲಿಲ್ಲ.

“ಅಂಜಿಕಿ ಆಗಂಗಿಲ್ಲೇನವಾ ಅಷ್ಟು ಎತ್ತರದಾಗ?” ಎಂದು ಗುರಬಸವ್ವ ಕೇಳಿದರು.

“ಒಮ್ಮೆ ಆಗಿತ್ರಿ. ಹ್ವಾದ ವರ್ಷ ಹಗ್ಗ ಹರದು ಅರ್ಧಾ ತಾಸು ಗಾಳ್ಯಾಗ ಜೋತಾಡಿದ್ದೆ. ಮೊಣಕಾಲು ಸೀಳಿ ಆರು ಹೊಲಿಗಿ ಬಿದ್ದಾವ.”

“ಅವ್ವಗ ಹೇಳಿಲ್ಲೇನು?” ಎಂದು ಗುರಬಸವ್ವ ಬೆಚ್ಚಿಬಿದ್ದ ನೀಲವ್ವನ ಕಡೆ ನೋಡಿ ಕೇಳಿದರು.

“ಮೂರು ಸರತೆ ಹೇಳಾಕ ಸುರು ಮಾಡಿದ್ದೆರಿ.”

ದಾಕ್ಷಾಯಣಿ ಇದನ್ನು ದೂರಾಗಿ ಹೇಳಲಿಲ್ಲ, ಹವಾಮಾನ ಹೇಳುವ ಹಾಗೆ ಹೇಳಿದಳು. ನೀಲವ್ವನಿಗೆ ಮೂರೂ ಸಲ ನೆನಪಾಯಿತು. ಮಗಳು “ಅವ್ವಾ, ಗುಡ್ಡದಾಗ ಮೊನ್ನೆ...” ಎಂದಿದ್ದಳು. ಮೊದಲ ಸಲ ತಾವು ಬದನೆಕಾಯಿಯ ಹುಳುಕಿನ ಬಗ್ಗೆ, ಎರಡನೆಯ ಸಲ ನಾದಿನಿಯ ಬಗ್ಗೆ ಮಾತಾಡಿದ್ದರು. ಮೂರನೆಯ ಸಲ ಏನು ಮಾತಾಡಿದ್ದೆಂದು ನೆನಪಾಗಲಿಲ್ಲ. ಕೆನ್ನೆಯ ಮೇಲಿದ್ದ ಅವರ ಕೈ ಈಗ ತಾನಾಗಿ ಕೆಳಗಿಳಿಯಿತು. ಬಾಯಿ ಮುಚ್ಚಿಯೇ ಇತ್ತು, ಆದರೆ ಲೋಳೆಗೆ ಹೆದರಿ ಅಲ್ಲ.

ಹುಡುಗಿ ಒಂದೂವರೆ ಗಂಟೆ ಮಾತಾಡಿದಳು. ಹೊರಡುವಾಗ ಗುರಬಸವ್ವ ನೀಲವ್ವನ ಕೈ ಹಿಡಿದುಕೊಂಡರು.

“ಮಂದಿ ಎಂಥಾ ಸುಳ್ಳು ಹೇಳ್ತಾರ ನೋಡ್ರಿ ಬೀಗ್ತೆರ! ಹಿಂದ ನೋಡಿ ಹ್ವಾದವರು ಒಬ್ಬರೂ ಬಿಡದ ಒಂದೇ ಮಾತು ಹೇಳಿದ್ರು. ಹುಡಿಗಿ ಚಲೋ ಅದಾಳ, ಆದ್ರ ಆಕಿ ದನಿನ ನಮಗ ಕೇಳಸಲಿಲ್ಲ, ತಾಯಿ ಒಬ್ಬಾಕಿನ ಮಾತಾಡ್ತಾಳ, ಮೂಕಿ ಇದ್ದಾಳೋ ಏನೋ ಅಂತ. ಎಂಥಾ ಸಮಾಧಾನದ ಹೆಣಮಗಳು ನೀವು!”

ಹನ್ನೊಂದು ಮನೆಯವರು ಓಡಿಹೋದದ್ದು ಕೆನ್ನೆ ನೋಡಿ ಅಲ್ಲ. ನೀಲವ್ವ ಮಗಳ ಕಡೆ ತಿರುಗಿ ನೋಡಿದರು. ಆಮೇಲೆ ಗದ್ದ ಮೇಲೆತ್ತಿ “ಹೂಂ” ಎಂದರು.

ಆಗ ಬಾಗಿಲ ಬಳಿ ಒಂದು ಗಂಭೀರವಾದ ಗಂಡುದನಿ ಕೇಳಿಸಿತು: “ಶಿರಾದಾಗ ಸಕ್ಕರಿ ಚೂರು ಹೆಚ್ಚಾಗಿತ್ತು.”

ಯಾರು ಬಂದರೆಂದು ಎಲ್ಲರೂ ಅಂಗಳಕ್ಕೆ ಇಣುಕಿದರು. ಮಾತಾಡಿದ್ದು ಚನ್ನಪ್ಪ.

ನಾಲ್ಕನೆಯ ದಿನ ಡಾಕ್ಟರು ಕರಗುದ್ರವ ತುಂಬಿದ ಸೂಜಿ ಹಿಡಿದು ಮನೆಗೇ ಬಂದರು.

“ಬಾಯಿ ಬಿಡಬಹುದ್ರಿ ಅವ್ವಾರ. ಈಗ ತಗದು ಬಿಡೂಣು.”

“ಬ್ಯಾಡ್ರಿ,” ಎಂದರು ನೀಲವ್ವ. ಮೂರು ದಿನದ ನಂತರದ ಮೊದಲ ಮಾತು ಅದು.

“ನಿಂಬಿಹಣ್ಣು ಇಟಗೊಂಡು ತಿರಗಾಡ್ತೀರಿ?”

“ತಾನಾಗಿ ಕರಗೂತನಕ ಇರಲಿ. ನಮ್ಮ ಮನ್ಯಾಗ ಭಾಳ ಮಾತು ಬಾಕಿ ಅದಾವ ಡಾಕ್ಟ್ರ. ನನ್ನವಲ್ಲ.”

ಮುಂದಿನ ಒಂಬತ್ತು ತಿಂಗಳಲ್ಲಿ ಆದದ್ದನ್ನು ನಂಬುವವರು ನಂಬಲಿ. ಬಾಯಿತುಂಬ ಎಲೆ ಇರುವ ಮುದುಕಿ ನಡುವೆ ಬಾಯಿ ಹಾಕುವುದಿಲ್ಲ ಎಂದು ಓಣಿಯವರಿಗೆ ತಿಳಿಯಿತು. ಮೊದಲು ಪಕ್ಕದ ಮನೆಯ ಸೊಸೆ ಬಂದಳು, ಆಮೇಲೆ ಅವಳ ಅತ್ತೆ, ಆಮೇಲೆ ಇಡೀ ಹುಬ್ಬಳ್ಳಿ. ಕಳ್ಳರೂ ಪೊಲೀಸರೂ ಒಂದೇ ಸಾ‌ಲಿನಲ್ಲಿ ಕುಳಿತು ತಂತಮ್ಮ ಕಷ್ಟ ತೋಡಿಕೊಂಡರು. ನಾದಿನಿಯೂ ಬಂದು ಮೂರು ದಿನ ಅತ್ತು ಹೋದಳು. ತುಪ್ಪದರ ಆಸ್ಪತ್ರೆಯ ಮುಂದೆ ಸೊಸೆಯಂದಿರು ಅತ್ತೆಯರ ಕೈ ಹಿಡಿದು ತಂದು, “ನೀಲವ್ವನ ನಮೂನಿ ಹಾಕ್ರಿ,” ಎಂದು ಸಾಲು ನಿಂತರು. ಡಾಕ್ಟರು ಹತ್ತೊಂಬತ್ತನೆಯ ಪ್ರಶ್ನೆ ಸೇರಿಸಿದರು: ‘ಎಲೆ ಹಾಕುತ್ತೀರಾ?’ ತಾವೂ ಎಲೆ ಬಿಟ್ಟರು. ಅಡಿಕೆ ಬಾಯಿಗೆ ಮಾಡುವ ಕೇಡನ್ನು ಊರಿಗೆಲ್ಲ ಹೇಳಬೇಕಾದವರು ಅವರೇ ಅಲ್ಲವೇ? ನೀಲವ್ವನ ಸಂಚಿಯಲ್ಲೂ ಈಗ ಗುಂಡಿ, ಸೂಜಿ, ದಾರ ಇದ್ದವು. ಐದನೆಯ ತಿಂಗಳಲ್ಲಿ ದಾಕ್ಷಾಯಣಿಯ ಮದುವೆ ಅವಳೇ ಹೇಳಿದ ದಿನ ನಡೆಯಿತು. ರುದ್ರಮುನಿ ಗದಗಿಗೆ ವರ್ಗ ಮಾಡಿಸಿಕೊಂಡು ಬುತ್ತಿ ಹಿಡಿದು ಗುಡ್ಡದ ಕೆಳಗೆ ನಿಂತ.

ಒಂಬತ್ತು ತಿಂಗಳು ಮುಗಿದು ಮೂರು ವಾರಕ್ಕೆ ನೀಲವ್ವ ಕೊನೆಯ ತಪಾಸಣೆಗೆ ಬಂದರು. ಡಾಕ್ಟರು ಒಳಚಿತ್ರ ತೆಗೆದು ನೋಡಿದರು. ಒಂದು ಹನಿ ಲೋಳೆಯೂ ಉಳಿದಿರಲಿಲ್ಲ. ಎರಡೂ ಕೆನ್ನೆ ಮೊದಲಿನ ಹಾಗೆ ಬಟ್ಟಲು ಇಡುವಷ್ಟು ಗುಳಿಬಿದ್ದಿದ್ದವು.

“ಪೂರಾ ಕರಗೇತ್ರಿ ಅವ್ವಾರ. ಮತ್ತ ಹಾಕಬೇಕೇನು?”

“ಯಾಕ ಬೇಕ್ರಿ ಅದು? ಈಗ ನಾ...” ಎಂದು ನೀಲವ್ವ ಶುರು ಮಾಡಿದರು. ಶುರು ಮಾಡಿದ ರಭಸ ನೋಡಿದರೆ ಡಾಕ್ಟರಿಗೆ ಗಡ್ಡ ಬೆಳೆಯುವ ಲಕ್ಷಣವಿತ್ತು.

ಅಷ್ಟರಲ್ಲಿ ಅವರ ಬಳೆಯಲ್ಲಿದ್ದ ಫೋನು ಮಿಣುಕಿ, ಎದುರಿನ ಗೋಡೆಯ ಮೇಲೆ ದಾಕ್ಷಾಯಣಿಯ ಮುಖ ಮೂಡತೊಡಗಿತು. ನೀಲವ್ವ ಮಾತನ್ನು ಅಲ್ಲಿಗೇ ಕಡಿದು, ಮೂಗಿನಿಂದ ಆಳವಾಗಿ ಉಸಿರೆಳೆದುಕೊಂಡು, ತುಟಿ ಬಿಗಿದರು. ಎಡಕ್ಕೊಂದು, ಬಲಕ್ಕೊಂದು ಎರಡು ನಿಂಬೆಹಣ್ಣು ಎದ್ದು ನಿಂತವು.

“ಅವ್ವಾ, ಬಾಯಾಗ ಎಲಿ ಐತೇನ?” ಎಂದಳು ಮಗಳು.

ನೀಲವ್ವ ಗದ್ದ ಮೇಲೆತ್ತಿದರು. “ಹೂಂ.”

“ಹಂಗಾರ ಕೇಳ ಇಲ್ಲೆ. ಇವತ್ತು ಗುಡ್ಡದಾಗ ಏನಾತಂದ್ರ...”

ಡಾಕ್ಟರ್ ತುಪ್ಪದ ಸದ್ದಾಗದಂತೆ ಯಂತ್ರ ಆರಿಸಿ, ನೀಲವ್ವನ ಕಡತ ತೆರೆದು, ಕೊನೆಯ ಸಾಲು ಬರೆದರು: ‘ಲೋಳೆ ಇಲ್ಲ. ಕೆನ್ನೆ ತುಂಬಿದೆ.’